ಹಳೇ ಬೇಸ್ ಗಿಟಾರ್ ಕೊಂಡು ಸರಿಮಾಡಿಸೋದಾದರೆ ಯಾವುದು? ಎಪ್ಪತ್ತರ ಅಮೆರಿಕ, ಎಂಬತ್ತರ ಜಪಾನ್, ಇಲ್ಲಾ ಹೊಸದೇ?

ಹಳೇ ಎಲೆಕ್ಟ್ರಿಕ್ ಬೇಸ್ ಗಿಟಾರ್ ಒಂದನ್ನು ಕೊಂಡು, ಸರಿಮಾಡಿಸಿಕೊಂಡು ನುಡಿಸಬೇಕು ಅನ್ನುವವರ ಮುಂದೆ ಸಾಮಾನ್ಯವಾಗಿ ಮೂರು ದಾರಿ ಇರುತ್ತವೆ. 1970ರ ದಶಕದ, ಅಮೆರಿಕದ ಫೆಂಡರ್ ಕಂಪನಿಯ ಬೇಸ್ ಒಂದು. 1980ರ ಆಸುಪಾಸಿನ ಜಪಾನಿನ ಬೇಸ್ ಇನ್ನೊಂದು. ಹಳೇದರ ಸಹವಾಸವೇ ಬೇಡ, ಕಡಿಮೆ ಬೆಲೆಯ ಹೊಸದೊಂದನ್ನು ತಂದು ಅದರ ಫ್ರೆಟ್ (ಬೆರಳಿಡೋ ಬೋರ್ಡಿನ ಮೇಲಿನ ಲೋಹದ ಅಡ್ಡಪಟ್ಟಿಗಳು), ನಟ್ (ಬೋರ್ಡಿನ ತಲೆಯ ಕಡೆ ತಂತಿ ಕೂರೋ ಗೀರುಗಳಿರುವ ಪಟ್ಟಿ), ವೈರಿಂಗ್ ಎಲ್ಲ ಚೊಕ್ಕ ಮಾಡಿಸಿಕೊಳ್ಳೋಣ ಅನ್ನೋದು ಮೂರನೇದು. ರಿಕನ್‌ಬ್ಯಾಕರ್, ಗಿಬ್ಸನ್ ಥರದವು ಬೇರೆ ಜಾತಿ, ಅವುಗಳ ಮಾತು ಆಮೇಲೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನುಡಿಸೋಕೆ ಬೇಕು ಅಂದರೆ ಜಪಾನಿನದು. ಎಪ್ಪತ್ತರ ಫೆಂಡರ್‌ನಲ್ಲೂ ಅದ್ಭುತವಾದವು ಇವೆ, ಆದರೆ ಕೈಗೆ ತಗೊಂಡು, ಬಿಚ್ಚಿ ನೋಡಿ ಆರಿಸೋಕೆ ಆಗುವವರು ಮಾತ್ರ ಆ ಕಡೆ ಹೋಗಿ. ಮತ್ತೆ, ಯಾವುದನ್ನೇ ಆರಿಸಿದರೂ ನೀವು ಬೆಲೆ ಕಟ್ಟಬೇಕಾದದ್ದು ನೆಕ್ಕಿಗೆ, ಅಂದರೆ ಎಡಗೈ ಓಡಾಡೋ ಉದ್ದನೆಯ ಹಿಡಿಗೆ. ಹೆಡ್‌ಸ್ಟಾಕ್ (ನೆಕ್ಕಿನ ತುದಿಯ ತಲೆ) ಮೇಲಿನ ಹೆಸರು, ವರ್ಷ, ಬಣ್ಣ, ಪಿಕಪ್ (ತಂತಿಯ ಕಂಪನ ಹಿಡಿಯೋ ಸುರುಳಿ) ಎಲ್ಲ ಅದರ ನಂತರ.

ಮೊದಲು ನೆಕ್

ಮಾಮೂಲಿ ಬೇಸ್‌ನ ಸ್ಕೇಲ್ (ತಂತಿ ಕಂಪಿಸೋ ಉದ್ದ) 34 ಇಂಚು, ಅಂದರೆ ಸುಮಾರು 864 ಮಿಲಿಮೀಟರ್. 45ರಿಂದ 100ರ (ದಪ್ಪ, ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ) ತಂತಿ ಸೆಟ್ ಹಾಕಿ ಶ್ರುತಿ ಮಾಡಿದರೆ ನಾಲ್ಕೂ ತಂತಿ ಸೇರಿ ಹತ್ತಿರ ಹತ್ತಿರ 80 ಕೆಜಿಯಷ್ಟು ಎಳೆತ. ಹೆಬ್ಬೆರಳಷ್ಟು ದಪ್ಪದ ಒಂದು ಮರದ ಪಟ್ಟಿ, ಒಳಗಿನ ಕಬ್ಬಿಣದ ಸರಳು (ಟ್ರಸ್ ರಾಡ್), ಇವೆರಡೇ ಸೇರಿಕೊಂಡು ಅಷ್ಟನ್ನು ವರ್ಷಾನುಗಟ್ಟಲೆ ತಡೆಯಬೇಕು. ಪಿಕಪ್ ಕೆಟ್ಟರೆ ಸುತ್ತಿಸಬಹುದು, ಟ್ಯೂನರ್ ಹೋದರೆ ಬೇರೆ ಹಾಕಬಹುದು, ಬಾಡಿ ಒಡೆದರೆ ಅಂಟಿಸಬಹುದು. ತಿರುಚಿಕೊಂಡ ನೆಕ್ಕನ್ನು ಸರಿಮಾಡಿಸೋ ಖರ್ಚಿನಲ್ಲಿ ಬೇರೆ ಬೇಸೇ ಬರುತ್ತದೆ.

ನೋಡೋದು ಹೀಗೆ. ಬೇಸ್ ಶ್ರುತಿಯಲ್ಲಿರಬೇಕು, ತಂತಿ ಸಡಿಲ ಬಿಟ್ಟಿದ್ದರೆ ಈ ಪರೀಕ್ಷೆಗೆ ಅರ್ಥವೇ ಇಲ್ಲ. ಎಡಗೈಯಲ್ಲಿ ಇ ತಂತಿಯನ್ನು (ಎಲ್ಲಕ್ಕಿಂತ ದಪ್ಪದ್ದು) ಮೊದಲನೇ ಫ್ರೆಟ್ಟಿನಲ್ಲಿ ಒತ್ತಿ, ಬಲಗೈಯಲ್ಲಿ ಕೊನೇ ಫ್ರೆಟ್ಟಿನಲ್ಲಿ ಒತ್ತಿ. ಈಗ ತಂತಿಯೇ ನಿಮ್ಮ ನೇರಪಟ್ಟಿ. ಏಳು, ಎಂಟನೇ ಫ್ರೆಟ್ಟಿನ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಎಷ್ಟು ಜಾಗ ಇದೆ ಅಂತ ನೋಡಿ. ಸುಮಾರು 0.25ರಿಂದ 0.35 ಮಿಲಿಮೀಟರ್ ಇದ್ದರೆ ಸರಿ. ಎ4 ಹಾಳೆ ಒಂದು 0.1 ಮಿಲಿಮೀಟರ್ ದಪ್ಪ ಇರುತ್ತದೆ, ಮೂರು ಹಾಳೆ ಜೋಡಿಸಿ ತೂರಿಸಿದರೆ ಅಂದಾಜು ಸಿಕ್ಕಿಬಿಡುತ್ತದೆ. ಇದನ್ನೇ ಎಲ್ಲಕ್ಕಿಂತ ತೆಳುವಾದ ಜಿ ತಂತಿಯ ಮೇಲೂ ಮಾಡಿ. ಎರಡೂ ಕಡೆ ಜಾಗ ಒಂದೇ ಥರ ಇಲ್ಲದೆ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಏನೂ ಇಲ್ಲ ಅಂದರೆ ನೆಕ್ ತಿರುಚಿರಬಹುದು ಅಂತ ಅನುಮಾನ ಪಡಿ.

ಜಾಗ ಜಾಸ್ತಿ ಇದೆ ಅಂದ ಮಾತ್ರಕ್ಕೆ ಬೇಸ್ ಕೆಟ್ಟದ್ದು ಅಂತಲ್ಲ, ಟ್ರಸ್ ರಾಡ್ ಇರೋದೇ ಅದಕ್ಕೆ. ಕೇಳಬೇಕಾದ ಪ್ರಶ್ನೆ, ರಾಡ್ ಇನ್ನೂ ಕೆಲಸ ಮಾಡುತ್ತಾ ಅನ್ನೋದು. ಮಾರುವವರ ಒಪ್ಪಿಗೆ ತಗೊಂಡು ರಾಡ್‌ನ ನಟ್ಟನ್ನು ಮೊದಲು ಸ್ವಲ್ಪ ಸಡಿಲಿಸಿ, ಆಮೇಲೆ ಕಾಲು ಸುತ್ತು ಬಿಗಿ ಮಾಡಿ. ಅಲುಗದಿದ್ದರೆ ಜೋರು ಮಾಡಬೇಡಿ. ನಟ್ ಕೊನೇವರೆಗೂ ಬಿಗಿಯಾಗಿದೆ, ಆದರೂ ನೆಕ್ ಬಿಲ್ಲಿನ ಹಾಗೆ ಬಾಗಿದೆ ಅಂದರೆ ಆ ಬೇಸನ್ನು ಅಲ್ಲೇ ಬಿಟ್ಟು ಬನ್ನಿ. ಬಹಳಷ್ಟು ಹಳೇ ಫೆಂಡರ್‌ಗಳಲ್ಲಿ ರಾಡ್‌ನ ಈ ನಟ್ ನೆಕ್ಕಿನ ಬುಡದಲ್ಲಿ ಇರುತ್ತದೆ, ನೆಕ್ ಬಿಚ್ಚದೆ ಸರಿಯಾಗಿ ಸಿಗೋದಿಲ್ಲ. ಅದನ್ನೇ ನೆಪ ಮಾಡಿ ತೋರಿಸೋದಿಲ್ಲ ಅನ್ನುವವರು ಇದ್ದಾರೆ. ತೋರಿಸದಿದ್ದರೆ ಕೊಳ್ಳಬೇಡಿ, ಅಷ್ಟೇ.

ಕೊನೇ ನಾಲ್ಕೈದು ಫ್ರೆಟ್‌ಗಳ ಹತ್ತಿರ ಫಿಂಗರ್‌ಬೋರ್ಡ್ ಮೇಲಕ್ಕೆ ಎದ್ದಿರೋದೂ ಉಂಟು. ಬಾಡಿಗೆ ತಿರುಪು ಹಾಕಿ ಬಿಗಿದ ಜಾಗ ಅಲುಗೋದಿಲ್ಲ, ಅದರಾಚೆಗಿನ ಮರ ತಂತಿಯ ಎಳೆತಕ್ಕೆ ಬಾಗುತ್ತದೆ, ಕೊನೆಗೆ ತುದಿ ಎದ್ದು ಕಾಣುತ್ತದೆ. ಟ್ರಸ್ ರಾಡ್ ಇದನ್ನು ಸರಿ ಮಾಡೋದಿಲ್ಲ. ಸ್ವಲ್ಪ ಇದ್ದರೆ ಆ ಫ್ರೆಟ್‌ಗಳನ್ನು ಅರದಲ್ಲಿ ತಗ್ಗಿಸಿದರೆ ಸಾಕು. ಜಾಸ್ತಿ ಇದ್ದರೆ ಫ್ರೆಟ್ ಎಲ್ಲ ತೆಗೆದು ಬೋರ್ಡನ್ನೇ ಉಜ್ಜಬೇಕು, ಆ ಖರ್ಚನ್ನು ಬೆಲೆಯಲ್ಲಿ ಕಳೆದುಕೊಂಡು ಮಾತಾಡಿ.

ಇನ್ನೊಂದು ವಿಷಯ, ಇದನ್ನು ದೋಷ ಅಂತ ತಿಳಿದು ಒಳ್ಳೇ ಬೇಸ್ ಬಿಟ್ಟು ಬರುವವರಿದ್ದಾರೆ. ಫೆಂಡರ್ ಮಾದರಿಯ ಬೇಸ್‌ಗಳಲ್ಲಿ ಜಿ ತಂತಿಯ ಐದರಿಂದ ಏಳನೇ ಫ್ರೆಟ್ ಆಸುಪಾಸಿನಲ್ಲಿ ಒಂದು ಸ್ವರ ಬೇಗ ಸತ್ತುಹೋಗುತ್ತದೆ. ಅದು ನೆಕ್ಕಿನ ಸ್ವಂತ ಕಂಪನ ಆ ಸ್ವರವನ್ನು ನುಂಗೋದರಿಂದ ಆಗೋದು. ದುಬಾರಿ ಬೇಸ್‌ನಲ್ಲೂ ಇರುತ್ತದೆ. ಹೆಡ್‌ಸ್ಟಾಕಿಗೆ ಒಂದು ಕ್ಲಾಂಪ್ ಸಿಕ್ಕಿಸಿ ತೂಕ ಹೆಚ್ಚಿಸಿದರೆ ಆ ಜಾಗ ಪಕ್ಕಕ್ಕೆ ಸರಿಯುತ್ತದೆ. ಇದಕ್ಕಾಗಿ ಬೆಲೆ ಇಳಿಸಿ ಅಂತ ಕೇಳೋದು ನ್ಯಾಯ ಅಲ್ಲ.

ಎಪ್ಪತ್ತರ ಫೆಂಡರ್

ಫೆಂಡರ್‌ನ ಪ್ರಿಸಿಷನ್ ಬೇಸ್ ಮಾಡೆಲ್ ಬಂದದ್ದು 1951ರಲ್ಲಿ, ಜಾಝ್ ಬೇಸ್ 1960ರಲ್ಲಿ. 1965ರಲ್ಲಿ ಲಿಯೋ ಫೆಂಡರ್ ಕಂಪನಿಯನ್ನು 1.3 ಕೋಟಿ ಡಾಲರಿಗೆ ಸಿಬಿಎಸ್ ಅನ್ನೋ ಅಮೆರಿಕದ ಪ್ರಸಾರ ಕಂಪನಿಗೆ ಮಾರಿದರು, 1985ರವರೆಗೂ ಅದು ಸಿಬಿಎಸ್ ಕೈಯಲ್ಲೇ ಇತ್ತು. ಈ ಇಪ್ಪತ್ತು ವರ್ಷದ ಮಾಲೆಲ್ಲ ಕೆಟ್ಟದ್ದು ಅನ್ನೋ ಮಾತು ಚಾಲ್ತಿಯಲ್ಲಿದೆ. ಹಾಗೇನಿಲ್ಲ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಜಾಸ್ತಿ, ಅದೇ ತೊಂದರೆ.

ಎಪ್ಪತ್ತರ ನಡುವಿನಿಂದ ಜಾಝ್ ಬೇಸ್‌ನ ನೆಕ್ಕಿಗೆ ನಾಲ್ಕರ ಬದಲು ಮೂರೇ ಬೋಲ್ಟ್ ಬಂತು, ಪ್ರಿಸಿಷನ್‌ನಲ್ಲಿ ನಾಲ್ಕೇ ಉಳಿಯಿತು. ಎಲ್ಲರೂ ಈ ಮೂರು ಬೋಲ್ಟನ್ನು ಬೈಯುತ್ತಾರೆ. ನನಗೆ ಕಾಣೋ ಹಾಗೆ ಬೈಯಬೇಕಾದ್ದು ಬಾಡಿಯಲ್ಲಿ ನೆಕ್ ಕೂರೋದಕ್ಕೆ ಕೊರೆದ ಗುಂಡಿಯನ್ನು. ಗುಂಡಿ ಬಿಗಿಯಾಗಿ ಕೊರೆದಿದ್ದರೆ ಮೂರು ಬೋಲ್ಟಿನ ನೆಕ್ಕೂ ಅಲ್ಲಾಡೋದಿಲ್ಲ. ಸಡಿಲ ಇದ್ದರೆ ನಾಲ್ಕಿದ್ದರೂ ಜಾರುತ್ತದೆ. ಬಾಡಿಯನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದು ಹೆಡ್‌ಸ್ಟಾಕನ್ನು ಮೆಲ್ಲಗೆ ಪಕ್ಕಕ್ಕೆ ಎಳೆಯಿರಿ, ಕಣ್ಣು ಕೊನೇ ಫ್ರೆಟ್ಟಿನ ಮೇಲಿರಲಿ. ತಂತಿಗಳು ಫಿಂಗರ್‌ಬೋರ್ಡಿನ ಒಂದು ಅಂಚಿನ ಕಡೆ ಸರಿದು, ಬಿಟ್ಟಾಗ ವಾಪಸ್ ಬರದಿದ್ದರೆ ಗುಂಡಿ ಸಡಿಲ. ಪಕ್ಕದ ಸಂದಿನಲ್ಲಿ ವಿಸಿಟಿಂಗ್ ಕಾರ್ಡ್ ಸಲೀಸಾಗಿ ಇಳಿಯುತ್ತಾ ನೋಡಿ. ಒಳ್ಳೇ ಕೆಲಸದಲ್ಲಿ ಇಳಿಯೋದಿಲ್ಲ.

ತೂಕ ಇನ್ನೊಂದು. ಆ ಕಾಲದ ಆಶ್ ಮರದ ಬಾಡಿಗಳಲ್ಲಿ ಕೆಲವು ತುಂಬಾ ಭಾರ, ಇಡೀ ಬೇಸ್ ಐದು ಕೆಜಿ ಮುಟ್ಟೋದೂ ಉಂಟು. ನಾಲ್ಕು ಕೆಜಿ ಆಸುಪಾಸು ಇದ್ದರೆ ಹೆಗಲಿಗೆ ಸುಖ. ಆರ್ಕೆಸ್ಟ್ರಾದಲ್ಲಿ ಮೂರು ನಾಲ್ಕು ಗಂಟೆ ನಿಂತು ನುಡಿಸುವವರು ಇದನ್ನು ಹಗುರವಾಗಿ ತಗೋಬೇಡಿ, ಕೊಳ್ಳೋ ಮೊದಲು ತೂಕದ ಮೆಷಿನ್ ಮೇಲೆ ಇಡಿ.

ನಿಜವಾದದ್ದಾ, ಭಾಗಗಳು ಬದಲಾಗಿವೆಯಾ ಅಂತ ತಿಳಿಯೋಕೆ ಕಂಟ್ರೋಲ್ ಪ್ಲೇಟ್ ಬಿಚ್ಚಿ ಪಾಟ್‌ಗಳ (ವಾಲ್ಯೂಮ್, ಟೋನ್ ನಾಬ್‌ಗಳ ಕೆಳಗಿನ ಭಾಗ) ಬೆನ್ನು ಓದಿ. ಉದಾಹರಣೆಗೆ 1376633 ಅಂತ ಒತ್ತಿದ್ದರೆ, 137 ಅನ್ನೋದು ಸಿಟಿಎಸ್ ಕಂಪನಿಯ ಸಂಖ್ಯೆ, 66 ವರ್ಷ, 33 ಆ ವರ್ಷದ ವಾರ. 304ರಿಂದ ಶುರುವಾದರೆ ಅದು ಸ್ಟ್ಯಾಕ್‌ಪೋಲ್ ಅನ್ನೋ ಇನ್ನೊಂದು ಕಂಪನಿಯದು. ಆದರೆ ಇದರಿಂದ ಗೊತ್ತಾಗೋದು ಬೇಸ್ ಇದಕ್ಕಿಂತ ಹಿಂದಿನದ್ದಲ್ಲ ಅಂತ ಮಾತ್ರ. 1966ರಲ್ಲಿ ಫೆಂಡರ್ ಪಾಟ್‌ಗಳನ್ನು ರಾಶಿಗಟ್ಟಲೆ ಕೊಂಡಿಟ್ಟಿತ್ತು, ಅವು 1969ರ ಹೊತ್ತಿನ ಗಿಟಾರ್‌ಗಳಲ್ಲೂ ಸಿಗುತ್ತವೆ. 1976ರಿಂದ ಈಚೆಗೆ ಹೆಡ್‌ಸ್ಟಾಕ್ ಮೇಲೇ ಸೀರಿಯಲ್ ನಂಬರ್ ಇದೆ, ಎಸ್ ಅಕ್ಷರದ ಮುಂದಿನ ಅಂಕಿ ಎಪ್ಪತ್ತರ ದಶಕದ ಎಷ್ಟನೇ ವರ್ಷ ಅಂತ ಹೇಳುತ್ತದೆ. ನೆಕ್ ಬಿಚ್ಚಿದಾಗ ಬುಡದ ಸೀಲು, ಪಾಟ್‌ನ ತಾರೀಕು, ಸೀರಿಯಲ್ ನಂಬರ್, ಮೂರೂ ಒಂದೇ ಕಾಲಕ್ಕೆ ಹೊಂದಬೇಕು. ಬೆಸುಗೆಯನ್ನೂ ನೋಡಿ. ಕಾರ್ಖಾನೆಯ ಬೆಸುಗೆ ಹಳತಾಗಿ ಮಂಕಾಗಿರುತ್ತದೆ, ಅದರ ಪಕ್ಕದಲ್ಲೇ ಫಳಫಳ ಹೊಳೆಯೋ ಗುಳ್ಳೆ ಇದ್ದರೆ ಯಾರೋ ಒಳಗೆ ಕೈ ಹಾಕಿದ್ದಾರೆ. ತಪ್ಪೇನಿಲ್ಲ, ಆದರೆ ಎಲ್ಲ ಒರಿಜಿನಲ್ ಅಂತ ಹೇಳಿ ಅದಕ್ಕೆ ತಕ್ಕ ಬೆಲೆ ಕೇಳೋ ಹಾಗಿಲ್ಲ.

ಈ ಬೇಸ್‌ಗಳ ಬಣ್ಣ ಮುಟ್ಟಬೇಡಿ. ಇದನ್ನು ಕೈ ಮುಗಿದು ಕೇಳುತ್ತೇನೆ. 1968ರ ಹೊತ್ತಿಗೆ ಫೆಂಡರ್ ನೈಟ್ರೋ ಲ್ಯಾಕರ್ ಬಿಟ್ಟು ಪಾಲಿಯೆಸ್ಟರ್ ಕಡೆ ಹೋಯಿತು, ಎಪ್ಪತ್ತರವುಗಳ ಮೇಲೆ ಅದರದೇ ದಪ್ಪ ಪದರ ಇರುತ್ತದೆ. ಅದನ್ನು ಕೆರೆದು ತೆಳು ಲ್ಯಾಕರ್ ಹಾಕಿದರೆ ನಾದ ಬಿಚ್ಚಿಕೊಳ್ಳುತ್ತೆ ಅಂತ ನಂಬಿ ಕೆಡಿಸಿದವು ಲೆಕ್ಕವಿಲ್ಲದಷ್ಟಿವೆ. ಎಲೆಕ್ಟ್ರಿಕ್ ಬೇಸ್‌ನಲ್ಲಿ ಬಣ್ಣದಿಂದ ಕಿವಿಗೆ ಗೊತ್ತಾಗೋ ವ್ಯತ್ಯಾಸ ಇಲ್ಲ ಅನ್ನುವಷ್ಟು ಕಡಿಮೆ. ಬೆಲೆ ಮಾತ್ರ ಗ್ಯಾರಂಟಿ ಬೀಳುತ್ತದೆ. ತೆಗೆದ ಪ್ರತಿ ತಿರುಪು, ಪ್ರತಿ ಪಾಟ್ ಒಂದು ಕವರಿನಲ್ಲಿ ಹಾಕಿ ಕೇಸ್ ಒಳಗೇ ಇಡಿ.

ಎಲ್ಲ ಬದಲಾಯಿಸಲೇಬೇಕಾದ ಸಂದರ್ಭವೂ ಇರುತ್ತದೆ. ಅಮೆರಿಕದ ಹೆಸರಾಂತ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಅವರ 1962ರ ಜಾಝ್ ಬೇಸ್ ಗೊತ್ತಲ್ಲ, ಫ್ರೆಟ್ ಕಿತ್ತು ಬೋರ್ಡಿಗೆ ದೋಣಿಗೆ ಬಳಿಯೋ ಎಪಾಕ್ಸಿ ಬಳಿದದ್ದು. ಎಂಬತ್ತರ ದಶಕದಲ್ಲಿ ಅದು ಒಡೆದು ತುಂಡು ತುಂಡಾಯಿತು. ರಿಪೇರಿ ಮಾಡಿದವರು ಚೂರುಗಳನ್ನೆಲ್ಲ ಜೋಡಿಸಿ ಅಂಟಿಸಿ, ಮೇಲೆ ಮೇಪಲ್‌ನ ತೆಳು ಹಾಳೆ ಹೊದಿಸಿ ಉಳಿಸಿದರು. 1986ರಲ್ಲಿ ನ್ಯೂಯಾರ್ಕಿನಲ್ಲಿ ಕಳವಾಗಿ, ಸುಮಾರು ಇಪ್ಪತ್ತು ವರ್ಷದ ಮೇಲೆ ಮತ್ತೆ ಸಿಕ್ಕಿತು. ಅಲ್ಲಿ ಹೊಸ ಮರ ಹೊದಿಸದೆ ಬೇರೆ ದಾರಿ ಇರಲಿಲ್ಲ. ನಿಮ್ಮ ಬೇಸ್‌ನ ಬಾಡಿಯಲ್ಲಿ ಎರಡು ಗೀರು ಇದೆ ಅಂತ ಆ ಮಟ್ಟದ ಕೆಲಸಕ್ಕೆ ಕೈ ಹಾಕಬೇಡಿ.

ಎಂಬತ್ತರ ಜಪಾನ್

1982ರಲ್ಲಿ ಫೆಂಡರ್ ಜಪಾನ್ ಶುರುವಾಯಿತು. ಮಾಡಿಕೊಡುತ್ತಿದ್ದದ್ದು ನಾಗಾನೊ ಪ್ರಾಂತ್ಯದ ಮತ್ಸುಮೊಟೊ ಊರಿನ ಫೂಜಿಗೆನ್. ಜೆವಿ ಅಂತ ಶುರುವಾಗೋ ಸೀರಿಯಲ್ ನಂಬರ್ ಇರುವವು ಆ ಮೊದಲ ಒಂದೆರಡು ವರ್ಷದವು, ಫೆಂಡರ್‌ನದೇ ಸ್ಕ್ವಯರ್ ಹೆಸರಿನವೂ ಇವೆ. ಅದೇ ಊರಿನ ಮತ್ಸುಮೊಕು ಕಾರ್ಖಾನೆ 1987ರಲ್ಲಿ ಮುಚ್ಚಿತು, ಅಲ್ಲಿಂದ ಬಂದ ಏರಿಯಾ ಪ್ರೋ ಎಸ್‌ಬಿ ಬೇಸ್‌ಗಳು ಇವತ್ತಿಗೂ ಕಲ್ಲಿನಂತೆ ಇವೆ. ಟೋಕಾಯ್, ಗ್ರೆಕೊ, ಯಮಾಹಾದ ಬಿಬಿ ಸರಣಿ, ಎಲ್ಲವೂ ಹುಡುಕೋಕೆ ಯೋಗ್ಯ.

ಇವುಗಳಲ್ಲಿ ನನಗೆ ಹಿಡಿಸೋದು, ಹತ್ತು ತಗೊಂಡರೆ ಹತ್ತೂ ಹೆಚ್ಚು ಕಮ್ಮಿ ಒಂದೇ ಥರ ಇರೋದು. ನೆಕ್ ಗುಂಡಿ ಬಿಗಿ. ಫ್ರೆಟ್ಟಿನ ತುದಿ ನಯ. ಕೈಬೆರಳನ್ನು ಬೋರ್ಡಿನ ಅಂಚಿನಲ್ಲಿ ಮೇಲಿಂದ ಕೆಳಗೆ ಎಳೆದರೆ ಏನೂ ಚುಚ್ಚೋದಿಲ್ಲ. ನೋಡದೆ ತರಿಸಿಕೊಳ್ಳಲೇಬೇಕಾದ ಪರಿಸ್ಥಿತಿಯಲ್ಲಿ ಇರುವವರಿಗೆ ಇದು ದೊಡ್ಡ ವಿಷಯ ಅಲ್ವಾ?

ಸೋಲೋದು ಎಲೆಕ್ಟ್ರಿಕ್ ಭಾಗಗಳಲ್ಲಿ. ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಚಿಕ್ಕ ಪಾಟ್, ತೆಳು ವೈರ್, ಲಟಲಟ ಅನ್ನೋ ಜ್ಯಾಕ್. ಬದಲಾಯಿಸೋದು ಸುಲಭ, ಆದರೆ ಒಂದು ಗಮನದಲ್ಲಿರಲಿ. ಜಪಾನಿನ ಪಾಟ್ ಮೆಟ್ರಿಕ್ ಅಳತೆಯದು. ಅಮೆರಿಕದ ದೊಡ್ಡ ಪಾಟ್ ಕೂರಿಸೋಕೆ ಪ್ಲೇಟಿನ ತೂತನ್ನು ಸ್ವಲ್ಪ ದೊಡ್ಡದು ಮಾಡಬೇಕಾಗುತ್ತದೆ, ಹಳೇ ನಾಬ್ ಹೊಸ ಪಾಟಿಗೆ ಕೂರದೇ ಇರಬಹುದು. ಬಾಸ್‌ವುಡ್ ಬಾಡಿ ಇದ್ದರೆ ಮರ ಮೆದು, ತಿರುಪಿನ ತೂತುಗಳು ಸವೆದಿರುತ್ತವೆ. ತೂತಿಗೆ ಗಟ್ಟಿ ಮರದ ಕಡ್ಡಿ ಅಂಟು ಹಾಕಿ ತುಂಬಿ, ಒಣಗಿದ ಮೇಲೆ ಹೊಸದಾಗಿ ಕೊರೆಯಬೇಕು. ಬರೀ ದಪ್ಪ ತಿರುಪು ಹಾಕಿ ಸುಮ್ನೆ ಬಿಗಿಯೋದು ಕೆಲಸ ಅಲ್ಲ.

‘ಲಾ ಸೂಟ್’ (ಕೋರ್ಟು ಕೇಸಿನ) ಬೇಸ್ ಅಂತ ಹೇಳಿ ಬೆಲೆ ಏರಿಸುವವರು ಸಿಗುತ್ತಾರೆ. ಆ ಕೇಸು ನಡೆದದ್ದು 1977ರಲ್ಲಿ. ಗಿಬ್ಸನ್‌ನ ಒಡೆಯ ನಾರ್ಲಿನ್, ಅಮೆರಿಕದಲ್ಲಿ ಐಬನೆಜ್ ಮಾರುತ್ತಿದ್ದ ಎಲ್ಜರ್ ಮೇಲೆ ಹೆಡ್‌ಸ್ಟಾಕಿನ ಆಕಾರದ ವಿಚಾರಕ್ಕೆ ಹಾಕಿದ ಕೇಸು, ರಾಜಿಯಲ್ಲಿ ಮುಗಿಯಿತು. ಅದಕ್ಕೂ ನಿಮ್ಮ ಕೈಯಲ್ಲಿರೋ ಯಾವುದೋ ಹೆಸರಿನ ಜಾಝ್ ಬೇಸ್ ಕಾಪಿಗೂ ಸಂಬಂಧ ಇಲ್ಲ. ಎಪ್ಪತ್ತರ ಅಗ್ಗದ ಕಾಪಿಗಳಲ್ಲಿ ಪ್ಲೈವುಡ್ ಬಾಡಿ ಸಾಮಾನ್ಯ. ಪಿಕಪ್ ಎತ್ತಿ ಗುಂಡಿಯ ಗೋಡೆ ನೋಡಿದರೆ ಪದರ ಪದರ ಕಾಣುತ್ತದೆ.

ನೆಕ್ ಬಾಡಿ ಒಂದೇ ಆಗಿರುವವು

ರಿಕನ್‌ಬ್ಯಾಕರ್ 4001, ಗಿಬ್ಸನ್ ಥಂಡರ್‌ಬರ್ಡ್, ಮೇಲೆ ಹೇಳಿದ ಏರಿಯಾ ಎಸ್‌ಬಿ, ಇವುಗಳಲ್ಲಿ ನೆಕ್ ಬಾಡಿಯ ಉದ್ದಕ್ಕೂ ಹಾದು ಹೋಗುತ್ತದೆ. ನೋಡೋಕೆ ಚೆಂದ, ಮೇಲಿನ ಫ್ರೆಟ್‌ಗಳಿಗೆ ಕೈ ಸಲೀಸಾಗಿ ಹೋಗುತ್ತದೆ. ಆದರೆ ಬೋಲ್ಟ್ ನೆಕ್ಕಿನಲ್ಲಿ ಕೋನ ತಪ್ಪಿದ್ದರೆ ಬುಡದಲ್ಲಿ ತೆಳು ಚಕ್ಕೆ ಇಟ್ಟು ಹತ್ತು ನಿಮಿಷದಲ್ಲಿ ಸರಿ ಮಾಡಬಹುದು, ಇವುಗಳಲ್ಲಿ ಆ ಅವಕಾಶವೇ ಇಲ್ಲ. ಬ್ರಿಜ್‌ನ (ಬಾಡಿಯ ಮೇಲೆ ತಂತಿಗಳನ್ನು ಹೊರೋ ಲೋಹದ ಭಾಗ) ಸ್ಯಾಡಲ್, ಅಂದರೆ ತಂತಿ ಕೂರೋ ತುಂಡುಗಳನ್ನು, ಪೂರ್ತಿ ಇಳಿಸಿಯೂ ತಂತಿ ಎತ್ತರ ಇದ್ದರೆ ಕೊಳ್ಳಬೇಡಿ.

4001ರಲ್ಲಿ ಎರಡು ಟ್ರಸ್ ರಾಡ್. ಎಂಬತ್ತರ ನಡುವಿಗಿಂತ ಹಿಂದಿನವುಗಳಲ್ಲಿ ಬರೀ ರಾಡ್‌ನ ನಟ್ ತಿರುಗಿಸಿ ನೆಕ್ ನೇರ ಮಾಡೋಕೆ ಹೋದರೆ ಫಿಂಗರ್‌ಬೋರ್ಡೇ ಕಿತ್ತುಬರುವ ಅಪಾಯ ಇದೆ. ತಂತಿ ಸಡಿಲಿಸಿ, ಕೈಯಿಂದ ನೆಕ್ಕನ್ನು ಬೇಕಾದ ಕಡೆ ಬಾಗಿಸಿ ಹಿಡಿದು, ಆಮೇಲೆ ನಟ್ಟನ್ನು ಅಲ್ಲಿಗೆ ತಂದು ನಿಲ್ಲಿಸಬೇಕು. ಇದು ಗೊತ್ತಿರುವವರ ಕೈಗೇ ಕೊಡಿ.

ಗಿಬ್ಸನ್‌ಗಳಲ್ಲಿ ಹೆಡ್‌ಸ್ಟಾಕ್ ಮುರಿಯೋದು ಮಾಮೂಲು. ಮಹಾಗನಿ ಮರ, ಹಿಂದಕ್ಕೆ ಬಾಗಿದ ಹೆಡ್‌ಸ್ಟಾಕ್, ಎಲ್ಲಕ್ಕಿಂತ ತೆಳು ಇರೋ ಜಾಗದಲ್ಲೇ ಟ್ರಸ್ ರಾಡ್‌ಗೆ ಗುಂಡಿ. ಮುರಿದು ಅಂಟಿಸಿದ್ದು ಅಂದ ಕೂಡಲೇ ಓಡಬೇಡಿ. ಬಿರುಕು ಮರದ ಎಳೆಯ ಜೊತೆ ಉದ್ದಕ್ಕೆ ಓರೆಯಾಗಿ ಹೋಗಿದ್ದರೆ ಅಂಟಿಗೆ ಹಿಡಿಯೋಕೆ ಜಾಗ ಜಾಸ್ತಿ, ಅಂಥ ರಿಪೇರಿ ಗಟ್ಟಿ ನಿಲ್ಲುತ್ತದೆ, ಬೆಲೆಯೂ ಇಳಿದಿರುತ್ತದೆ. ನುಡಿಸುವವರಿಗೆ ಲಾಭವೇ. ಎಳೆಗೆ ಅಡ್ಡಲಾಗಿ ಕತ್ತರಿಸಿದ ಹಾಗೆ ಮುರಿದಿದ್ದರೆ ಬೇಡ.

ನಮ್ಮ ಹವೆ

ಮಂಗಳೂರು, ಉಡುಪಿ ಕಡೆಯವರಿಗೆ ಮಳೆಗಾಲದಲ್ಲಿ ನೆಕ್ ಬಾಗುತ್ತದೆ, ತಂತಿ ಎತ್ತರ ಆಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಉಲ್ಟಾ. ಮರ ಒಣಗಿ ಕುಗ್ಗುತ್ತದೆ, ಲೋಹ ಕುಗ್ಗೋದಿಲ್ಲ, ಫ್ರೆಟ್ಟಿನ ತುದಿಗಳು ಹೊರಗೆ ಬಂದು ಕೈಗೆ ಚುಚ್ಚುತ್ತವೆ. ಬೇರೆ ದೇಶದಿಂದ ತರಿಸಿದ ಬೇಸನ್ನು ಬಂದ ದಿನವೇ ಫ್ರೆಟ್ ಕೆಲಸಕ್ಕೆ ಕೊಡಬೇಡಿ. ಕೆಲವು ವಾರ ಮನೆಯಲ್ಲಿ ಇಟ್ಟು ಮರ ಇಲ್ಲಿನ ಗಾಳಿಗೆ ಹೊಂದಿಕೊಂಡ ಮೇಲೆ ಕೊಡಿ. ಗಾಳಿಯ ತೇವ 45ರಿಂದ 55 ಶೇಕಡಾ ಇದ್ದರೆ ಗಿಟಾರ್ ನೆಮ್ಮದಿಯಾಗಿರುತ್ತದೆ. ಕೇಸ್ ಒಳಗೆ ಇಡೋ ಚಿಕ್ಕ ಮೀಟರ್ ತಗೊಳ್ಳಿ.

ಅಂದಹಾಗೆ, ಅರವತ್ತರ ನಡುವಿನಿಂದ ಫೆಂಡರ್ ಬ್ರೆಜಿಲ್ ರೋಸ್‌ವುಡ್ ಬಿಟ್ಟು ಬಳಸಿದ್ದು ಭಾರತದ ರೋಸ್‌ವುಡ್, ಅಂದರೆ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯೋ ಬೀಟೆ. ಬೋರ್ಡ್ ಒಣಗಿ ಬಿಳಿಚಿಕೊಂಡಿದ್ದರೆ ಸ್ವಲ್ಪ ಎಣ್ಣೆ ಸವರಿ ಒರೆಸಿದರೆ ಸಾಕು, ಬಣ್ಣ ಬಳಿಯಬೇಡಿ.

ಯಾವ ರಿಪೇರಿಗೆ ದುಡ್ಡು ಹಾಕಬೇಕು

ಫ್ರೆಟ್ ವಿಷಯದಲ್ಲಿ ಎರಡೇ ಆಯ್ಕೆ, ಸಮ ಮಾಡಿಸೋದು ಇಲ್ಲಾ ಪೂರ್ತಿ ಬದಲಿಸೋದು. ತಂತಿ ಕೂತು ಗುಳಿ ಬಿದ್ದಿದೆ, ಆದರೆ ಗುಳಿಯ ಕೆಳಗೆ ಇನ್ನೂ ಸಾಕಷ್ಟು ಎತ್ತರ ಉಳಿದಿದೆ ಅಂದರೆ ಎಲ್ಲವನ್ನೂ ಒಂದೇ ಮಟ್ಟಕ್ಕೆ ಉಜ್ಜಿ ತಲೆಯನ್ನು ಮತ್ತೆ ಗುಂಡಗೆ ಮಾಡಿದರೆ ಆಯಿತು. ಗುಳಿ ಬೋರ್ಡಿನ ಹತ್ತಿರಕ್ಕೆ ಹೋಗಿದ್ದರೆ ಬದಲಿಸಬೇಕು. ಮೇಪಲ್ ಬೋರ್ಡ್ ಇದ್ದರೆ ಖರ್ಚು ಜಾಸ್ತಿ, ಯಾಕೆಂದರೆ ಅದರ ಮೇಲೆ ಲ್ಯಾಕರ್ ಇರುತ್ತದೆ, ಫ್ರೆಟ್ ಕೀಳುವಾಗ ಅದು ಚಕ್ಕೆ ಏಳುತ್ತದೆ, ಮತ್ತೆ ಹಚ್ಚಬೇಕು. ಕೆಲಸ ಮಾಡಿಸಿದ ಮೇಲೆ ಪರೀಕ್ಷೆ ಮಾಡೋಕೆ ಚಿಕ್ಕದೊಂದು ನೇರಪಟ್ಟಿ ಸಾಕು. ಮೂರು ಫ್ರೆಟ್ ಮೇಲೆ ಇಟ್ಟು ಅಲ್ಲಾಡಿಸಿ. ಕಟಕಟ ಅಂದರೆ ನಡುವಿನದು ಎತ್ತರ ಇದೆ.

ಪಿಕಪ್‌ಗೆ ಮಲ್ಟಿಮೀಟರ್ ಹಿಡಿಯಿರಿ. ಪ್ರಿಸಿಷನ್ ಥರದ್ದು ಸಾಮಾನ್ಯವಾಗಿ 10ರಿಂದ 11 ಕಿಲೋ ಓಮ್, ಜಾಝ್‌ನ ಒಂದೊಂದು ಪಿಕಪ್ 7ರಿಂದ 8. ಪ್ರಿಸಿಷನ್‌ನಲ್ಲಿ ವಾಲ್ಯೂಮ್ ಪೂರ್ತಿ ಕೊಟ್ಟು ಜ್ಯಾಕ್‌ನಲ್ಲಿ ಅಳೆದಾಗ 250 ಕಿಲೋ ಓಮ್ ಹತ್ತಿರ ತೋರಿಸಿದರೆ ಸುರುಳಿಯ ತಂತಿ ಎಲ್ಲೋ ತುಂಡಾಗಿದೆ, ಮೀಟರ್ ನೋಡುತ್ತಿರೋದು ಬರೀ ಪಾಟನ್ನು. ಎಪ್ಪತ್ತರ ಫೆಂಡರ್ ಆದರೆ ಅದೇ ಪಿಕಪ್ಪನ್ನು ಸುತ್ತಿಸಿ. ಜಪಾನಿನದ್ದಾದರೆ ಹೊಸದು ಹಾಕಿ, ಯೋಚನೆ ಬೇಡ. ಜಾಝ್ ಬೇಸ್ ಗುಂಯ್ ಅನ್ನುತ್ತೆ ಅಂತ ದೂರುವವರು ಎರಡೂ ವಾಲ್ಯೂಮ್ ಪೂರ್ತಿ ಇಟ್ಟು ಕೇಳಿ. ಆಗ ನಿಂತರೆ ಅದು ಅದರ ಸ್ವಭಾವ, ರಿಪೇರಿ ಬೇಕಿಲ್ಲ.

ಭಾರದ ಬ್ರಿಜ್? ಹಳೇದರ ತಿರುಪು ತುಕ್ಕು ಹಿಡಿದು ತಿರುಗದೇ ಹೋದರೆ ಹಾಕಿ, ಇಲ್ಲದಿದ್ದರೆ ಬಿಡಿ.

ಹೊಸದನ್ನೇ ತಿದ್ದಿಸೋದಾದರೆ

ಈಗ ಅಗ್ಗದ ಬೇಸ್‌ಗೂ ಗುಂಡಿಗಳನ್ನು ಸಿಎನ್‌ಸಿ (ಕಂಪ್ಯೂಟರ್ ನಡೆಸೋ) ಮೆಷಿನ್ ಕೊರೆಯುತ್ತದೆ, ಹಾಗಾಗಿ ನೆಕ್ ಕೂರೋ ಜಾಗ ಎಪ್ಪತ್ತರ ಎಷ್ಟೋ ಬೇಸ್‌ಗಳಿಗಿಂತ ಬಿಗಿ. ಉಳಿತಾಯ ಮಾಡಿರೋದು ಕೈಕೆಲಸದಲ್ಲಿ. ಫ್ರೆಟ್ ಸಮ ಇರೋದಿಲ್ಲ, ತುದಿ ಒರಟು, ನಟ್‌ನ ಗೀರು ಆಳ ಸಾಲದು. ಮೂರನೇ ಫ್ರೆಟ್ಟಿನಲ್ಲಿ ತಂತಿ ಒತ್ತಿ, ಮೊದಲನೇ ಫ್ರೆಟ್ ಮೇಲೆ ತಂತಿ ಎಷ್ಟು ಎತ್ತರ ಇದೆ ನೋಡಿ. ಕೂದಲೆಳೆಯಷ್ಟು ಸಂದು ಇರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಮೊದಲ ಫ್ರೆಟ್‌ಗಳಲ್ಲಿ ಬೆರಳು ನೋಯುತ್ತದೆ, ಶ್ರುತಿಯೂ ಏರುತ್ತದೆ.

ಕಲಿಯುತ್ತಿರುವವರಿಗೆ, ಚರ್ಚಿನಲ್ಲೋ ಕಾಲೇಜಿನ ಬ್ಯಾಂಡಿನಲ್ಲೋ ವಾರಕ್ಕೊಮ್ಮೆ ನುಡಿಸುವವರಿಗೆ ಇದೇ ಸರಿಯಾದ ದಾರಿ ಅಂತ ನನಗನಿಸುತ್ತದೆ. ಆದರೆ ತಂದ ಮರುದಿನವೇ ದುಬಾರಿ ಪಿಕಪ್ ಹುಡುಕೋಕೆ ಹೋಗಬೇಡಿ. ಮೊದಲು ನಟ್ ಮತ್ತು ಫ್ರೆಟ್ ಕೆಲಸ ಮಾಡಿಸಿ, ಒಳ್ಳೇ ತಂತಿ ಹಾಕಿಸಿ, 17ನೇ ಫ್ರೆಟ್ ಮೇಲೆ ಇ ತಂತಿ ಸುಮಾರು 2.4 ಮಿಲಿಮೀಟರ್, ಜಿ ತಂತಿ 2 ಮಿಲಿಮೀಟರ್ ಎತ್ತರಕ್ಕೆ ಇಳಿಸಿಕೊಂಡು ಒಂದಷ್ಟು ತಿಂಗಳು ನುಡಿಸಿ. ಪಿಕಪ್ ಬೇಕಾ ಬೇಡವಾ ಅಂತ ಆಗ ತೀರ್ಮಾನ ಮಾಡಿ.